ಯಥಾಶಕ್ತಿ

ಮನೆಯಲ್ಲಿ ಚೌತಿಯೋ ವ್ರತವೋ ಬಂದ ದಿನ ಪುರೋಹಿತರು ನಮ್ಮ ಕೈಯಲ್ಲಿ ಅಕ್ಷತೆ ನೀರುಗಳನ್ನಿತ್ತು ಸಂಕಲ್ಪವನ್ನು ಹೇಳಿಸುವುದುಂಟಷ್ಟೆ. ಸಂವತ್ಸರ, ಅಯನ, ಋತು, ಮಾಸ, ಪಕ್ಷ, ತಿಥಿ, ವಾರಗಳೆಂದು ಕಾಲವನ್ನು ಹೇಳಿ, ಕುಳಿತಿರುವ ದೇಶವನ್ನು ಹೇಳಿ, ಮಾಡುವವನು ಯಾರೆಂಬುದನ್ನು ಗೋತ್ರನಾಮಗಳಿಂದ ಗುರುತಿಸಿ, ಕಟ್ಟಕಡೆಗೆ ಮಾಡತಕ್ಕ ಕರ್ಮವನ್ನು ಹೆಸರಿಸುತ್ತಾರೆ. ಆ ಹೆಸರಿನ ಬಳಿಯಲ್ಲಿ ಒಂದು ಸಣ್ಣ ಶಬ್ದವು ಮೆಲ್ಲನೆ ನುಸುಳಿ ಹೋಗುತ್ತದೆ: ‘ಯಥಾಶಕ್ತಿ’. ಒಲೆಯ ಮೇಲಣ ಪಾಯಸದ ಕಡೆಗೆ ಮನಸ್ಸಿಟ್ಟ ಮಕ್ಕಳ ಮಾತಿರಲಿ, ದೊಡ್ಡವರು ಕೂಡ ಈ ಶಬ್ದಕ್ಕೆ ಕಿವಿಗೊಡುವುದು ಕಡಮೆ. ನಾವೂ ಬಹುಕಾಲ ಕೊಡಲಿಲ್ಲ. ಸಂಸ್ಕೃತ ಪಾಠಶಾಲೆಯಲ್ಲಿ ಅವ್ಯಯೀಭಾವ ಸಮಾಸಕ್ಕೆ ಉದಾಹರಣೆಯೆಂದು ಅದನ್ನು ಕಂಠಪಾಠ ಮಾಡಿದ್ದೆವು. ‘ಶಕ್ತಿಯನ್ನು ಮೀರದಂತೆ’ ಎಂಬ ಅರ್ಥವನ್ನೂ ಬಲ್ಲೆವು. ಮುಂದೆ ಉಪಾಧ್ಯಾಯರಾಗಿ ಮಕ್ಕಳಿಗೂ ಅದನ್ನೇ ಒಪ್ಪಿಸಿದೆವು. ಆದರೆ ಕೆಲಸಕ್ಕೆ ಕೈಹಾಕುವ ಪ್ರತಿಯೊಬ್ಬನೂ ಮೊದಲು ಅರಿತಿರಬೇಕಾದ ಮಾತು ಅದೆಂಬುದು ನಮಗೆ ತಿಳಿಯಬೇಕಾದರೆ, ಒಬ್ಬ ಹುಡುಗನಿಗೆ ನಮ್ಮ ಕೈಯಿಂದ ಅನ್ಯಾಯವಾಗಬೇಕಾಯಿತು. ಆ ಸಂಗತಿಯನ್ನು ಮೊದಲು ಹೇಳಿಬಿಡುವುದು ನ್ಯಾಯ.

1996ನೆಯ ಇಸವಿ. ಆಗ ನಾವು ಬೆಳ್ತಂಗಡಿ ತಾಲೂಕಿನ ಒಂದು ಪ್ರೌಢಶಾಲೆಯಲ್ಲಿ ಕನ್ನಡ ಸಂಸ್ಕೃತಗಳನ್ನು ಕಲಿಸುತ್ತಿದ್ದೆವು. ಅದು ಘಟ್ಟದ ಬುಡದ ಊರು. ಮಳೆಗಾಲದಲ್ಲಿ ಹಳ್ಳ ತುಂಬಿತೆಂದರೆ ತರಗತಿಯ ಕಾಲುಭಾಗ ಬರಿದಾಗುತ್ತಿತ್ತು. ಹಿಂದಿನ ವರ್ಷ ಎಸ್.ಎಸ್.ಎಲ್.ಸಿ. ಪರೀಕ್ಷೆಯಲ್ಲಿ ನೂರಕ್ಕೆ ಅರುವತ್ತರಷ್ಟು ಮಕ್ಕಳು ತೇರ್ಗಡೆಯಾಗಿದ್ದರು. ಜೂನ್ ತಿಂಗಳಲ್ಲಿ ಶಾಲೆ ತೆರೆದ ವಾರವೇ ಉಪಾಧ್ಯಾಯರ ಸಭೆ ಕೂಡಿತು. ಮೇಲಿನಿಂದ ಮಾತು ಬಂದಿದೆ, ಈ ಸಲ ನೂರಕ್ಕೆ ನೂರು ಆಗಲೇಬೇಕು ಎಂದು ನಿರ್ಣಯವಾಯಿತು. ಉಪಾಧ್ಯಾಯರ ಕೊಠಡಿಯ ಕರಿಹಲಗೆಯ ನೆತ್ತಿಯಲ್ಲಿ ಬಣ್ಣದ ಸೀಮೆಸುಣ್ಣದಿಂದ ‘ಗುರಿ: 100’ ಎಂದು ಬರೆದವರು ನಾವೇ, ನಮ್ಮ ಅಕ್ಷರ ದುಂಡಾಗಿದೆಯೆಂದು ಆ ಕೆಲಸ ನಮ್ಮ ಪಾಲಿಗೆ ಬಂದಿತು. ಎಲ್ಲರೂ ಕೈತಟ್ಟಿದೆವು. ಮರುದಿನ ಬೆಳಿಗ್ಗೆ ತರಗತಿಗೆ ಹೋದಾಗ ನಿನ್ನೆಗಿಂತ ಬೇರೆಯಾಗಿ ಮಾಡತಕ್ಕುದೇನು ಎಂಬುದು ಮಾತ್ರ ನಮ್ಮಲ್ಲಿ ಒಬ್ಬರಿಗೂ ತಿಳಿದಿರಲಿಲ್ಲ.

ಆರು ತಿಂಗಳು ಹೀಗೆಯೇ ಕಳೆದುವು. ಪರೀಕ್ಷೆಗೆ ಅರ್ಜಿಗಳನ್ನು ಕಳುಹಿಸುವ ಕಾಲ ಬಂತು. ಮೂವತ್ತನಾಲ್ಕು ಮಕ್ಕಳಲ್ಲಿ ಆರು ಮಂದಿ ದಾಟುವಂತಿರಲಿಲ್ಲ. ಆ ಆರು ಮಂದಿ ಈ ವರ್ಷ ಕುಳ್ಳಿರದಿದ್ದರೆ ಉಳಿದವರೆಲ್ಲ ತೇರ್ಗಡೆಯಾಗುವರು, ನೂರಕ್ಕೆ ನೂರು ಆಗುವುದು ಎಂಬ ಉಪಾಯ ಸಭೆಯಲ್ಲಿ ತಲೆಯೆತ್ತಿತು. ಮೊದಲು ಆಡಿದವರು ಯಾರೆಂಬುದು ಈಗ ಬೇಡ. ಬೇಡವೆಂದವರು ಯಾರೂ ಇರಲಿಲ್ಲ, ನಾವೂ ಇರಲಿಲ್ಲ. ಆರು ಮನೆಗಳನ್ನು ಉಪಾಧ್ಯಾಯರು ಹಂಚಿಕೊಂಡರು. ನಮ್ಮ ಪಾಲಿಗೆ ಬಂದುದು ಗುಡ್ಡದಾಚೆಯ ಒಂದು ಹುಲ್ಲಿನ ಮನೆ.

ಆ ಹುಡುಗನ ತಾಯಿ ಜಗಲಿಯಲ್ಲಿ ಕಾಲು ಚಾಚಿ, ಮಡಿಲಲ್ಲಿ ತಡ್ಪೆಯನ್ನಿಟ್ಟುಕೊಂಡು ಬೀಡಿ ಕಟ್ಟುತ್ತಿದ್ದಳು. ನಮ್ಮ ಕಡೆಯ ಬಂಟ್ವಾಳ, ಬೆಳ್ತಂಗಡಿಗಳ ಎಷ್ಟೋ ಮನೆಗಳ ಒಲೆ ಉರಿದುದು ಈ ಕೆಲಸದಿಂದಲೇ ಎಂಬುದು ವಾಚಕರಿಗೆ ತಿಳಿದಿರಬಹುದು. ಬ್ರಾಂಚಿನಿಂದ ಎಲೆಯನ್ನೂ ಹೊಗೆಸೊಪ್ಪನ್ನೂ ತರುವುದು, ಎಲೆಯನ್ನು ನೆನೆಯಿಟ್ಟು ಅಳತೆಗೆ ಕತ್ತರಿಸುವುದು, ಸೊಪ್ಪು ತುಂಬಿ ಸುರುಳಿ ಸುತ್ತುವುದು, ತುದಿ ಮಡಚಿ ನೂಲು ಬಿಗಿಯುವುದು, ಮತ್ತೆ ಬ್ರಾಂಚಿಗೆ ಒಯ್ದು ಕೊಡುವುದು. ಕೂಲಿ ಸಾವಿರದ ಲೆಕ್ಕ. ಅಂಕುಡೊಂಕಾದುವನ್ನು ಅಲ್ಲಿ ಹಿಂದಕ್ಕೆ ಹಾಕುವರು. ನಾವು ಬಂದ ಕಾರ್ಯವನ್ನು ಸುತ್ತಿ ಬಳಸಿ ಹೇಳಿದೆವು. ಆಕೆ ತುಳುವಿನಲ್ಲಿ ಆಡಿದುದನ್ನು ಇಲ್ಲಿ ಕನ್ನಡದಲ್ಲಿ ಬರೆಯುತ್ತೇವೆ.

“ಅವನಿಗೆ ಈ ವರ್ಷ ಆಗ್ಲಿಕ್ಕಿಲ್ಲ ಅಂತಲಾ ಮಾಸ್ಟ್ರೇ?”

“ಓದಲಿಕ್ಕೆ ಬಹಳ ಉಂಟಮ್ಮ. ಪುಸ್ತಕ ಪೂರ್ತಿ ಬಾಕಿ. ಮುಂದಿನ ವರ್ಷ ನಿಧಾನವಾಗಿ ಕೂರಲಿ.”

ಆಕೆಯ ಕೈ ನಿಲ್ಲಲಿಲ್ಲ. “ಓದುವುದು ನನಗೆ ಗೊತ್ತಿಲ್ಲ. ನಾಳೆ ಬ್ರಾಂಚಿಗೆ ಸಾವಿರ ಕೊಡಬೇಕು. ಬೆಳಿಗ್ಗೆ ಕೂತವಳು ಸಾವಿರ ಅಂತ ನೆನಸಿದರೆ ಕೈಯೇ ಏಳುವುದಿಲ್ಲ ಮಾಸ್ಟ್ರೇ. ನಾನು ಸಾವಿರ ಎಣಿಸುವುದೇ ಇಲ್ಲ. ಕಟ್ಟು ಎಣಿಸುವುದು. ಇಪ್ಪತ್ತೈದಕ್ಕೆ ಒಂದು ಕಟ್ಟು. ಅದು ಆದ ಮೇಲೆ ಇನ್ನೊಂದು. ಇವನ ಪಾಠವನ್ನೂ ಹಾಗೆ ಕಟ್ಟು ಮಾಡಿ ಕೊಡ್ಲಿಕ್ಕೆ ಆಗುವುದಿಲ್ವಾ?”

ನಮ್ಮಲ್ಲಿ ಉತ್ತರವಿರಲಿಲ್ಲ. ಉತ್ತರವಿಲ್ಲದೆಯೇ ಕಾಗದವನ್ನು ಮುಂದೆ ಚಾಚಿದೆವು. ಆಕೆ ಹೊಗೆಸೊಪ್ಪಿನ ಕೈಯನ್ನು ಸೀರೆಗೆ ಒರಸಿಕೊಂಡು ಹೆಬ್ಬೆಟ್ಟೊತ್ತಿದಳು. ಹುಡುಗನು ಬಾಗಿಲ ಮರೆಯಲ್ಲಿ ನಿಂತು ಎಲ್ಲವನ್ನೂ ಕೇಳುತ್ತಿದ್ದನು.

1997ರ ಬೇಸಗೆಯಲ್ಲಿ ಫಲಿತಾಂಶ ಬಂತು. ಇಪ್ಪತ್ತೆಂಟಕ್ಕೆ ಇಪ್ಪತ್ತೆಂಟು. ಶಾಲೆಗೆ ಪ್ರಶಂಸಾಪತ್ರ ಬಂತು. ಉಪಾಧ್ಯಾಯರೆಲ್ಲ ಸಾಲಾಗಿ ನಿಂತು ಪಟ ತೆಗೆಸಿಕೊಂಡೆವು. ಆ ಹುಡುಗನು ಮುಂದಿನ ವರ್ಷ ಶಾಲೆಗೆ ಬರಲಿಲ್ಲ. ಬೊಂಬಾಯಿಯ ಹೋಟೆಲಿನಲ್ಲಿ ಲೋಟ ತೊಳೆಯಲು ಹೋದನೆಂದು ತಿಳಿಯಿತು.

ಗುರಿಯೆಂದೊಡನೆ ನಮ್ಮ ಜನರಿಗೆ ನೆನಪಾಗುವುದು ದ್ರೋಣಾಚಾರ್ಯರು ಮಾಡಿದ ಶಿಷ್ಯಪರೀಕ್ಷೆ. ಅರ್ಜುನನಿಗೆ ಹಕ್ಕಿಯ ಕಣ್ಣು ಮಾತ್ರ ಕಂಡಿತೆಂಬುದನ್ನು ನಾವೂ ಎಷ್ಟೋ ಸಾರಿ ಮಕ್ಕಳಿಗೆ ಬಣ್ಣಿಸಿದ್ದೇವೆ. ಅಂದು ಬಿಲ್ಲನ್ನು ಇಳಿಸಿ ಬದಿಗೆ ಸರಿದು ನಿಂತ ಉಳಿದ ಮಕ್ಕಳ ಗತಿಯೇನಾಯಿತೆಂದು ಮಾತ್ರ ಒಬ್ಬ ಹುಡುಗನೂ ಕೇಳಿದುದಿಲ್ಲ, ನಾವೂ ಯೋಚಿಸಿದುದಿಲ್ಲ. ಆ ವರ್ಷದ ಬಳಿಕ ಯೋಚಿಸತೊಡಗಿದೆವು. ನಮ್ಮ ‘ನೂರು’ ಎಂಬುದರಲ್ಲಿ ದೋಷವೆಲ್ಲಿತ್ತು? ದೊಡ್ಡದಾಗಿತ್ತೆಂಬುದೇ ದೋಷವಲ್ಲ. ಅದು ನಾವು ಮಾಡತಕ್ಕ ಕರ್ಮದ ಹೆಸರಾಗಿರಲಿಲ್ಲ. ಇನ್ನಾರೋ ಬರೆದು, ಇನ್ನಾರೋ ತಿದ್ದಿ, ಮೇ ತಿಂಗಳಲ್ಲಿ ಕಾಣಿಸಿಕೊಳ್ಳತಕ್ಕ ಫಲದ ಹೆಸರಾಗಿತ್ತು. ಕೈಗೆ ನಿಲುಕದ ಫಲವನ್ನು ಗುರಿಯೆಂದು ಹಲಗೆಯಲ್ಲಿ ಬರೆದಿಟ್ಟರೆ ಮನುಷ್ಯನ ಕೈ ಸುಮ್ಮನಿರುವುದಿಲ್ಲ, ನಿಲುಕಿದುದನ್ನು ಹಿಡಿಯುತ್ತದೆ. ಮಕ್ಕಳನ್ನು ದಾಟಿಸುವುದು ನಮಗೆ ನಿಲುಕಲಿಲ್ಲ. ಮಕ್ಕಳ ಎಣಿಕೆಯನ್ನು ಕಡಮೆ ಮಾಡುವುದು ನಿಲುಕಿತು. ಅದನ್ನೇ ಮಾಡಿದೆವು.

ಸರಿಯಾದ ಗುರಿ ಹೇಗಿರುವುದೆಂಬುದನ್ನು ಕಂಡುದು ಮೂಡುಬಿದಿರೆಯಲ್ಲಿ. 1999ರಲ್ಲಿ ನಮಗೆ ಆ ಊರ ಬಳಿಗೆ ವರ್ಗವಾಯಿತು. ಮೂಡುಬಿದಿರೆಗೆ ಬರುವವರು ಸಾಮಾನ್ಯವಾಗಿ 1430ರಲ್ಲಿ ಎದ್ದ ಸಾವಿರ ಕಂಬದ ಬಸದಿಯನ್ನು ನೋಡಿಕೊಂಡು ಹಿಂದಿರುಗುವರು. ನಮ್ಮ ಸಂಸ್ಕೃತದ ಮೇಲಣ ವಿಶ್ವಾಸದಿಂದ ಅಲ್ಲಿನ ಹಿರಿಯ ಜೈನ ಪಂಡಿತರೊಬ್ಬರು ನಮ್ಮನ್ನು ಗುರುಬಸದಿಗೆ ಕರೆದೊಯ್ದರು. ಇದನ್ನೇ ಸಿದ್ಧಾಂತ ಬಸದಿಯೆಂದೂ ಕರೆಯುವರು. ಧವಲ, ಜಯಧವಲ, ಮಹಾಧವಲಗಳೆಂಬ ಸಿದ್ಧಾಂತಗ್ರಂಥಗಳ ಓಲೆಗಳು ಶತಮಾನಗಳ ಕಾಲ ಈ ಬಸದಿಯ ಆಶ್ರಯದಲ್ಲಿಯೇ ಉಳಿದುವು. ಓಲೆಗಳ ಬರವಣಿಗೆ 12ನೆಯ ಶತಮಾನದಷ್ಟು ಹಳೆಯದೆಂದು ವಿದ್ವಾಂಸರು ಹೇಳುವರು. ಲಿಪಿ ಹಳೆಯ ಕನ್ನಡ, ಭಾಷೆ ಸಂಸ್ಕೃತ ಬೆರೆತ ಪ್ರಾಕೃತ. 19ನೆಯ ಶತಮಾನದ ವೇಳೆಗೆ ಅವು ಓದುವ ಗ್ರಂಥಗಳಾಗಿ ಉಳಿಯದೆ ದರ್ಶನ ಮಾಡಿ ಕೈಮುಗಿಯುವ ವಸ್ತುಗಳಾಗಿದ್ದುವು. ಗರಿಗಳು ಶಿಥಿಲವಾಗುತ್ತ ಬಂದಿದ್ದುವು, ಬೇರೆಡೆಯಲ್ಲಿ ಪ್ರತಿಯಿರಲಿಲ್ಲ.

ಧವಲವೊಂದೇ 72,000 ಶ್ಲೋಕಪ್ರಮಾಣದ ಗ್ರಂಥ, ಜಯಧವಲವು 60,000. ಶ್ಲೋಕಪ್ರಮಾಣವೆಂದರೆ ಮೂವತ್ತೆರಡು ಅಕ್ಷರಗಳ ಅಳತೆ. ಇನ್ನು ಮಹಾಧವಲವೂ ಹಲವು ಹತ್ತು ಸಾವಿರಗಳದು. ‘ಶಾಸ್ತ್ರವನ್ನು ಉಳಿಸಬೇಕು’ ಎಂದು ಸಭೆ ಸೇರಿ ಹಲಗೆಯಲ್ಲಿ ಬರೆದಿದ್ದರೆ ಅದು ಇಂದಿಗೂ ಹಲಗೆಯಲ್ಲಿಯೇ ಇರುತ್ತಿತ್ತೋ ಏನೋ. ಹಾಗೆ ಮಾಡದೆ ಹಣವನ್ನು ಕೂಡಿಸಿ, ಬಲ್ಲವರನ್ನು ಕರೆಯಿಸಿ, ಗರಿಯ ಮುಂದೆ ಕುಳ್ಳಿರಿಸಿದರು. 1896ರಲ್ಲಿ ಶ್ರವಣಬೆಳಗೊಳದ ಬ್ರಹ್ಮಸೂರಿ ಶಾಸ್ತ್ರಿಗಳೂ ಮೀರಜಿನ ಗಜಪತಿ ಶಾಸ್ತ್ರಿಗಳೂ ಪ್ರತಿಯೆತ್ತತೊಡಗಿದರು. ಕೆಲಸ ನಡುವಿನಲ್ಲಿರುವಾಗಲೇ ಬ್ರಹ್ಮಸೂರಿ ಶಾಸ್ತ್ರಿಗಳು ತೀರಿಕೊಂಡರು; ಗಜಪತಿ ಶಾಸ್ತ್ರಿಗಳು ಬರವಣಿಗೆಯನ್ನು ಮುಂದುವರಿಸಿದರು. ಕನ್ನಡ ಲಿಪಿಯ ಪ್ರತಿಗೆ ಊರಿನವರೇ ಕೈಹಾಕಿದರು. ಕಟ್ಟಕಡೆಗೆ ಮಹಾಧವಲದ ನಾಗರೀ ಪ್ರತಿಯನ್ನು ಲೋಕನಾಥ ಶಾಸ್ತ್ರಿಗಳು ಮುಗಿಸಿದಾಗ 1922ನೆಯ ಇಸವಿ. ಒಟ್ಟು ಇಪ್ಪತ್ತಾರು ವರ್ಷಗಳು. ಆ ಪ್ರತಿಗಳಿಂದ ಪ್ರತಿಗಳಾಗಿ, 1939ರಿಂದ ಹೀರಾಲಾಲ ಜೈನರು ಅಮರಾವತಿಯಲ್ಲಿ ಧವಲವನ್ನು ಅಚ್ಚು ಮಾಡಿಸತೊಡಗಿ, ಅದು ಹದಿನಾರು ಸಂಪುಟಗಳಾಗಿ ಲೋಕದ ಕೈಗೆ ಬಂದಿತು.

ಅಂದು ರಾತ್ರಿ ಮನೆಗೆ ಬಂದು ಮಾಸ್ತರಿಕೆಯ ಚಾಳಿಯಿಂದ ಲೆಕ್ಕ ಹಾಕಿದೆವು. ಇಪ್ಪತ್ತಾರು ವರ್ಷಗಳೆಂದರೆ 9,490 ದಿನಗಳು. ಮೂರು ಗ್ರಂಥಗಳನ್ನೂ ಸೇರಿಸಿ ಭಾಗಿಸಿದರೂ ದಿನಕ್ಕೆ ಇಪ್ಪತ್ತು ಶ್ಲೋಕಗಳಿಗೆ ಏರುವುದಿಲ್ಲ. ಎರಡು ಲಿಪಿಗಳಲ್ಲಿ ಬರೆದರೆಂದು ಇಮ್ಮಡಿಸಿದರೂ ನಾಲ್ವತ್ತು; ಅದೂ ಹಲವು ಕೈಗಳಲ್ಲಿ ಹಂಚಿಹೋದ ನಾಲ್ವತ್ತು. ಇಪ್ಪತ್ತು ಶ್ಲೋಕಗಳೆಂದರೆ ಆರುನೂರ ನಾಲ್ವತ್ತು ಅಕ್ಷರಗಳು. ಏಳನೆಯ ತರಗತಿಯ ಹುಡುಗಿಯು ಕಾಪಿಪುಸ್ತಕದಲ್ಲಿ ಒಂದೆರಡು ಪುಟ ಬರೆದಷ್ಟು! ಹುಳು ಹಿಡಿದ ಗರಿಯಲ್ಲಿ ಹಳೆಯ ಲಿಪಿಯನ್ನು ತಡವಿ ಓದುವ ಕಷ್ಟವನ್ನು ನಾವು ಹಗುರಾಗಿ ಎಣಿಸುವವರಲ್ಲ. ಆದರೂ ಲಕ್ಷಗಟ್ಟಲೆ ಎಂದು ಎದೆ ನಡುಗಿಸುವ ರಾಶಿಯನ್ನು ಕರಗಿಸಿದುದು ದಿನದ ಈ ಸಣ್ಣ ಅಳತೆಯೇ. ಲೆಕ್ಕದ ಕಾಗದವನ್ನು ನೋಡುತ್ತ ಕುಳಿತಿದ್ದಂತೆ ಬೆಳ್ತಂಗಡಿಯ ಆ ಜಗಲಿ ಕಣ್ಣಿಗೆ ಕಟ್ಟಿತು. ಇಪ್ಪತ್ತೈದಕ್ಕೆ ಒಂದು ಕಟ್ಟು. ನಾಲ್ವತ್ತು ಕಟ್ಟುಗಳಿಗೆ ಸಾವಿರ. ಪಂಡಿತರು ಇಪ್ಪತ್ತಾರು ವರ್ಷ ಮಾಡಿದುದನ್ನು ಅಕ್ಷರ ತಿಳಿಯದ ಆ ತಾಯಿ ನಮಗೆ ಎರಡು ಮಾತಿನಲ್ಲಿ ಹೇಳಿದ್ದಳು. ನಾವು ಅದಕ್ಕೆ ಪ್ರತಿಯಾಗಿ ಹೆಬ್ಬೆಟ್ಟೊತ್ತಿಸಿಕೊಂಡು ಬಂದಿದ್ದೆವು.

ಇನ್ನೊಂದು ಸಂಗತಿಯನ್ನೂ ಇಲ್ಲಿ ಹೇಳಬೇಕು. ಜಯಧವಲವನ್ನು ರಚಿಸತೊಡಗಿದ ವೀರಸೇನಾಚಾರ್ಯರು 20,000 ಶ್ಲೋಕಪ್ರಮಾಣದಷ್ಟು ಬರೆದು ಕಾಲವಾದರು. ಉಳಿದ 40,000ವನ್ನು ಶಿಷ್ಯರಾದ ಜಿನಸೇನರು ಬರೆದು 837ರಲ್ಲಿ ಪೂರ್ತಿ ಮಾಡಿದರು. ಒಬ್ಬನ ಕೈ ನಿಂತ ಎಡೆಯಿಂದ ಇನ್ನೊಬ್ಬನು ಎತ್ತಿಕೊಳ್ಳುವಂತೆ ಕೆಲಸ ನಡೆದಿದ್ದರೆ, ಅರ್ಧಕ್ಕೆ ನಿಂತುದೂ ವ್ಯರ್ಥವಲ್ಲ. ಫಲವನ್ನೇ ಗುರಿ ಮಾಡಿಕೊಂಡವನಿಗೆ ಅರ್ಧವೆಂಬುದು ಸೋಲು. ಕರ್ಮವನ್ನು ಗುರಿ ಮಾಡಿಕೊಂಡವನಿಗೆ ಅರ್ಧವೆಂದರೆ ಅರ್ಧ ಕೆಲಸ ಆಗಿದೆಯೆಂದು ಅರ್ಥ.

2003ರಲ್ಲಿ ನಮಗೆ ಬಂಟ್ವಾಳ ತಾಲೂಕಿಗೆ ವರ್ಗವಾಯಿತು. ಇದು ನಮ್ಮ ಸ್ವಂತ ಊರ ಕಡೆ; ನೇತ್ರಾವತಿಯ ಬದಿ. ಅಲ್ಲಿಯೂ ಹತ್ತನೆಯ ತರಗತಿಯಲ್ಲಿ ಹಿಂದೆ ಬಿದ್ದ ಒಂಬತ್ತು ಮಕ್ಕಳಿದ್ದರು. ಈ ಸಲ ಹಲಗೆಯಲ್ಲಿ ಏನನ್ನೂ ಬರೆಯಲಿಲ್ಲ. ಒಂಬತ್ತು ಮಂದಿಯೂ ನಿತ್ಯ ಇಪ್ಪತ್ತು ಸಾಲು ಗಟ್ಟಿಯಾಗಿ ಓದಿ, ಇಪ್ಪತ್ತು ಸಾಲು ನೋಡದೆ ಬರೆಯಬೇಕೆಂದು ಗೊತ್ತುಮಾಡಿದೆವು. ಎರಡನೆಯ ವಾರಕ್ಕೆ ಅದು ಕೆಟ್ಟಿತು. ರಾತ್ರಿ ತಾಯಿಯ ಬೀಡಿಗೆ ನೂಲು ಸುತ್ತುವ ಹುಡುಗಿಗೆ ಹತ್ತು ಸಾಲಿಗೇ ಕಣ್ಣು ಮುಚ್ಚುತ್ತಿತ್ತು; ಬರೆಯದವಳು ಹೆದರಿ ಮರುದಿನ ಶಾಲೆಗೇ ಬರಲಿಲ್ಲ. ತಪ್ಪು ಹುಡುಗಿಯದಲ್ಲ, ಅಳತೆಯದೆಂದು ಈಗ ನಮಗೆ ತಿಳಿಯಿತು. ನಾವು ಅಳತೆಯನ್ನು ನಿಶ್ಚಯಿಸಿದುದು ಜೂನ್ ತಿಂಗಳ ಉತ್ಸಾಹವನ್ನು ನೋಡಿ. ನಿಶ್ಚಯಿಸಬೇಕಾಗಿದ್ದುದು ಆಟಿ ತಿಂಗಳನ್ನು ನೋಡಿ. ತುಳುನಾಡಿನವರಿಗೆ ಆಟಿಯೆಂದರೆ ಏನೆಂದು ಹೇಳಬೇಕಾಗಿಲ್ಲ: ಹಗಲಿರುಳು ಮಳೆ, ಹೊರಗೆ ಕೆಲಸವಿಲ್ಲ, ಒಳಗೆ ಅಕ್ಕಿಯಿಲ್ಲ, ಮಕ್ಕಳಿಗೆ ಜ್ವರ, ವಿದ್ಯುತ್ತು ಹೋದರೆ ಮೂರು ದಿನ ಬಾರದು. ಆಟಿಯ ಅಂಥ ಒಂದು ದಿನದಲ್ಲಿಯೂ ಮಾಡಿ ಮುಗಿಸಲಾಗುವುದೆಷ್ಟೋ ಅಷ್ಟೇ ದಿನದ ಗುರಿ. ಮಕ್ಕಳನ್ನೇ ಕೇಳಿದೆವು. ಐದು ಸಾಲು ಎಂದರು. ಐದೇ ಆಯಿತು.

ಅಳತೆಯನ್ನು ತಗ್ಗಿಸಿದ ಮೇಲೆ ಒಂದು ಕಟ್ಟುನಿಟ್ಟನ್ನೂ ಮಾಡಿದೆವು: ಐದು ಸಾಲು ತಪ್ಪಕೂಡದು. ನಮಗೂ ಒಂದು ಅಳತೆಯಿಟ್ಟುಕೊಂಡೆವು. ಒಂಬತ್ತು ಪುಸ್ತಕಗಳನ್ನು ಅಂದಂದೇ ಸಂಜೆ ತಿದ್ದದೆ ಶಾಲೆಯ ಮೆಟ್ಟಿಲಿಳಿಯುವುದಿಲ್ಲವೆಂದು. ತಿಂಗಳಿಗೊಮ್ಮೆ ಸಂಕ್ರಮಣದ ದಿನ ಎಷ್ಟು ದಿನ ನಡೆಯಿತು, ಎಷ್ಟು ದಿನ ತಪ್ಪಿತು ಎಂದು ಮಕ್ಕಳೇ ಎಣಿಸಿ ಹೇಳುತ್ತಿದ್ದರು. ಸುಲಭವಾಯಿತೆಂದು ತೋರಿದವರು ತಾವಾಗಿಯೇ ಆರಕ್ಕೆ ಏರಿದರು, ಏಳಕ್ಕೆ ಏರಿದರು. ಕಾರ್ತಿಕದ ವೇಳೆಗೆ ಹತ್ತು ಸಾಲಿಗೆ ಕಡಮೆ ಬರೆಯುವವರು ಇಬ್ಬರೇ ಉಳಿದರು.

ಫಲವನ್ನು ಮುಚ್ಚಿಡದೆ ಹೇಳುತ್ತೇವೆ. ಒಂಬತ್ತು ಮಂದಿಯೂ ಪರೀಕ್ಷೆಗೆ ಕುಳಿತರು. ಆರು ಮಂದಿ ಮೊದಲ ಸಲವೇ ದಾಟಿದರು, ಇಬ್ಬರು ಮರುಪರೀಕ್ಷೆಯಲ್ಲಿ ದಾಟಿದರು, ಒಬ್ಬನಿಗೆ ಆಗಲಿಲ್ಲ. ಶಾಲೆಗೆ ಪ್ರಶಂಸಾಪತ್ರ ಬರಲಿಲ್ಲ. ‘ನೂರಾಗಲಿಲ್ಲವಲ್ಲ’ ಎಂದು ಒಂದಿಬ್ಬರು ನಮ್ಮನ್ನು ಮರುಕದಿಂದ ನೋಡಿದರು. ಆಗದ ಆ ಹುಡುಗನು ಮಾತ್ರ ಅಂಕಪಟ್ಟಿಯನ್ನು ತಂದು ತೋರಿಸಿ, “ಕನ್ನಡದಲ್ಲಿ ಆಯ್ತು ಸಾರ್” ಎಂದು ನಕ್ಕು ಹೋದನು.

ಈಗ ನಮ್ಮ ಮಗನು ಬೆಂಗಳೂರಿನಲ್ಲಿ ಒಂದು ಸಂಸ್ಥೆಯ ಕಚೇರಿಯಲ್ಲಿದ್ದಾನೆ. ಅವರಲ್ಲಿ ಇದಕ್ಕೆ ‘ಟಾರ್ಗೆಟ್’ ಎಂದು ಹೆಸರು. ಮಾರ್ಚ್ ತಿಂಗಳು ಬಂತೆಂದರೆ ಅವನಿಗೆ ನಿದ್ರೆಯಿಲ್ಲ. ಒಮ್ಮೆ ದೂರವಾಣಿಯಲ್ಲಿ, “ಇಷ್ಟು ಲಕ್ಷದ ವ್ಯವಹಾರ ತರಬೇಕು ಅಪ್ಪ, ಹೇಗೆ ತರಲಿ?” ಎಂದನು. “ಅದರಲ್ಲಿ ನಿನ್ನ ಕೈಯಲ್ಲಿರುವುದು ಯಾವುದು?” ಎಂದು ಕೇಳಿದೆವು. ಸ್ವಲ್ಪ ಹೊತ್ತು ಸುಮ್ಮನಿದ್ದು, “ದಿನಕ್ಕೆ ಎಷ್ಟು ಜನರನ್ನು ಹೋಗಿ ಕಾಣುತ್ತೇನೆ ಎಂಬುದು” ಎಂದನು. “ಹಾಗಾದರೆ ಅದನ್ನು ಬರೆದಿಟ್ಟುಕೊ. ಮೈಯಲ್ಲಿ ಜ್ವರವಿರುವ ದಿನವೂ ಆಗುವಷ್ಟನ್ನೇ ಬರೆ. ಬರೆದುದನ್ನು ಬಿಡಬೇಡ” ಎಂದೆವು. ಲಕ್ಷಗಳು ಪ್ರತಿವರ್ಷವೂ ಕೂಡಿಬಂದುವೆಂದು ನಾವು ಹೇಳಲಾರೆವು. ಒಂದು ವರ್ಷ ಬಂದುವು, ಒಂದು ವರ್ಷ ಕಡಮೆ ಬಿದ್ದುವು. ಆದರೆ ಆ ಮಾರ್ಚ್ ತಿಂಗಳಿಂದ ಈಚೆಗೆ ಅವನು ರಾತ್ರಿ ಮಲಗುತ್ತಾನೆಂದು ಸೊಸೆ ಹೇಳಿದಳು.

ಯಥಾಶಕ್ತಿಯೆಂಬ ಶಬ್ದಕ್ಕೆ ‘ಆದಷ್ಟು ಆಗಲಿ, ಹೋದಷ್ಟು ಹೋಗಲಿ’ ಎಂದು ಅರ್ಥ ಮಾಡುವವರಿದ್ದಾರೆ. ಅದು ಸೋಮಾರಿಗಳ ವ್ಯಾಕರಣ. ಶಕ್ತಿಯನ್ನು ಮೀರದಂತೆ ಎಂದರೆ ಶಕ್ತಿಗೆ ಕಡಮೆಯಾಗದಂತೆ ಎಂದೂ ಆಯಿತು. ಮೀರಿದರೆ ಕೆಲಸ ಕೆಡುವುದು, ಅಥವಾ ನಾವು ಕೆಡಿಸಿದಂತೆ ಎಣಿಕೆ ಕೆಡುವುದು. ಕಡಮೆ ಮಾಡಿದರೆ ಕೆಲಸವೇ ಇಲ್ಲ. ಈ ಎರಡರ ನಡುವಣ ಅಳತೆಯನ್ನು ಕಂಡುಕೊಳ್ಳುವುದೇ ಸಂಕಲ್ಪ. ಹಿರಿಯರು ಅದರಲ್ಲಿ ಫಲವನ್ನು ಹೇಳದೆ ಬಿಟ್ಟಿಲ್ಲ. ಆದರೆ ಇಂದು, ಇಲ್ಲಿ, ಇಂಥವನು, ಇಂಥ ಕರ್ಮವನ್ನು ಎಂದು ಕೈಯಲ್ಲಿ ನೀರು ಬಿಡಿಸಿದುದು ಕರ್ಮಕ್ಕಾಗಿ.

2016ರ ಮಳೆಗಾಲ. ಬಿ.ಸಿ. ರೋಡಿನಲ್ಲಿ ನಾವು ಬಸ್ಸಿಗೆ ಕಾಯುತ್ತಿದ್ದೆವು. ನಡುವಯಸ್ಸಿಗೆ ಸಮೀಪಿಸಿದ ಒಬ್ಬನು ಕೊಡೆಯನ್ನು ಮಡಚಿ ನಮ್ಮ ಕಾಲು ಮುಟ್ಟಿದನು. ಹೆಸರು ಹೇಳಿದ ಮೇಲೆ ಗುರುತು ಸಿಕ್ಕಿತು. ಬೊಂಬಾಯಿಯಲ್ಲಿ ಸಣ್ಣದೊಂದು ಕ್ಯಾಂಟೀನ್ ಇಟ್ಟಿದ್ದಾನೆ, ಮಗಳು ಓದುತ್ತಾಳೆ, ತಾಯಿ ಊರಲ್ಲಿ ಚೆನ್ನಾಗಿದ್ದಾಳೆ. ಬಸ್ಸು ಬರುವ ಹೊತ್ತಿಗೆ ಅವನು ಕೇಳಿದನು:

“ಮಾಸ್ಟ್ರೇ, ಆಗ ಒಂದು ಸಲ ಪರೀಕ್ಷೆಗೆ ಕೂತಿದ್ದರೆ ನಾನು ಪಾಸಾಗ್ತಿದ್ದೆನಾ?”

“ಗೊತ್ತಿಲ್ಲಪ್ಪ,” ಎಂದೆವು. “ಆದರೆ ನಿನ್ನನ್ನು ಕೂರಿಸಬೇಕಿತ್ತು. ತಪ್ಪು ನಮ್ಮದು.”

ಅವನು ಏನೂ ಹೇಳಲಿಲ್ಲ. ನಮ್ಮ ಚೀಲವನ್ನು ಬಸ್ಸಿನೊಳಕ್ಕೆ ಎತ್ತಿಕೊಟ್ಟು, ಬಸ್ಸು ಹೊರಡುವವರೆಗೂ ಮಳೆಯಲ್ಲಿ ನಿಂತಿದ್ದನು.

ಈಗೀಗ ಪುರೋಹಿತರು ಸಂಕಲ್ಪ ಹೇಳುವಾಗ ನಾವು ಮೈಯೆಲ್ಲ ಕಿವಿಯಾಗಿ ಕುಳಿತಿರುತ್ತೇವೆ. ಆ ಶಬ್ದ ಬಂದಾಗ ಪಕ್ಕದಲ್ಲಿ ಕುಳಿತ ಮೊಮ್ಮಗಳ ಕೈಯನ್ನು ಮೆಲ್ಲನೆ ಅದುಮುತ್ತೇವೆ. ಪೂಜೆಯಾದ ಮೇಲೆ ಅವಳು ಅರ್ಥ ಕೇಳುತ್ತಾಳೆ. ನಾವು ಸಮಾಸದಿಂದ ಆರಂಭಿಸುವುದಿಲ್ಲ. ಇಪ್ಪತ್ತೈದಕ್ಕೆ ಒಂದು ಕಟ್ಟು ಎಂಬುದರಿಂದ ಆರಂಭಿಸುತ್ತೇವೆ.